ಐಸ್‌ಲ್ಯಾಂಡ್ ಭಾಷೆಯ ಒಂದೇ ಒಂದು ಮೀನು

ನನಗೆ ಏಳು ವಿಭಕ್ತಿಗಳು ಇವತ್ತಿಗೂ ಬಾಯಿಪಾಠ ಬರುತ್ತವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಈ ಜಂಬವೇ ಕಾರಣ. ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ನಮ್ಮ ಕನ್ನಡ ಮಾಸ್ಟ್ರು ತೃತೀಯಾ ವಿಭಕ್ತಿಗೆ ‘ಬೆತ್ತದಿಂದ’ ಎಂಬ ಉದಾಹರಣೆಯನ್ನು ನನ್ನ ಅಂಗೈ ಮೇಲೆಯೇ ಬರೆದಿದ್ದರು. ಹೀಗೆ ಕಲಿತದ್ದು ಮರೆಯುವುದುಂಟೇ? ಆದ್ದರಿಂದ ಮಗಳು ನಿಶಾ, “ಐಸ್‌ಲ್ಯಾಂಡಿಕ್ ತುಂಬಾ ಕಷ್ಟ ಪಪ್ಪ, ಒಂದೊಂದು ನೌನ್‌ಗೂ ನಾಲ್ಕು ನಾಲ್ಕು ಕೇಸ್ ಉಂಟು” ಎಂದಾಗ ನನಗೆ ನಗು ಬಂತು. ನಾಲ್ಕು! ಏಳನ್ನು ಅರೆದು ಕುಡಿದವನಿಗೆ ನಾಲ್ಕು ಯಾವ ಲೆಕ್ಕ?

ನಾನು ಸದಾಶಿವ. ಮಲ್ಪೆ ಕಡೆಯವನು. ಕತಾರಿನ ಅಲ್ ಖೋರ್‌ನಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಕಂಪನಿಯ ಸ್ಟೋರಿನಲ್ಲಿ ನಟ್ಟು, ಬೋಲ್ಟು, ಗ್ಯಾಸ್ಕೆಟ್ಟುಗಳನ್ನು ಕಾಯುವುದು ನನ್ನ ಉದ್ಯೋಗ. ಬೆಳಿಗ್ಗೆ ನಾಲ್ಕೂವರೆಗೆ ಅಲಾರಂ, ಐದಕ್ಕೆ ಕಂಪನಿ ಬಸ್ಸು, ಸಂಜೆ ಅದೇ ಬಸ್ಸು, ಅದೇ ಸೀಟು, ಅದೇ ಕುತ್ತಿಗೆ ನೋವು. ನನಗೆ ಈಗ ಯಾವ ವಿಷಯದಲ್ಲೂ ಹೊಸ ಉತ್ಸಾಹ ಹುಟ್ಟುವುದಿಲ್ಲ. ಹುಟ್ಟಿದರೂ ಬಸ್ಸು ಹತ್ತುವ ಹೊತ್ತಿಗೆ ನಿದ್ರೆ ಹೋಗುತ್ತದೆ. ಇಂಥವನು ಐವತ್ತಾರನೇ ವಯಸ್ಸಿನಲ್ಲಿ ಐಸ್‌ಲ್ಯಾಂಡಿನ ವ್ಯಾಕರಣಕ್ಕೆ ಕೈ ಹಾಕಬೇಕಾಗಿ ಬಂದದ್ದಕ್ಕೆ ಕಾರಣ ಗುನ್ನಾರ್.

ಗುನ್ನಾರ್ ಎಂದರೆ ನಿಶಾ ಮದುವೆಯಾಗಲಿರುವ ಹುಡುಗ. ದೋಹಾದ ಒಂದು ಎಂಜಿನಿಯರಿಂಗ್ ಆಫೀಸಿನಲ್ಲಿ ಇಬ್ಬರೂ ನಕ್ಷೆ ಬರೆಯುತ್ತಾರೆ. ಆರಡಿ ಮೂರಂಗುಲ, ಹೊಂಬಣ್ಣದ ಗಡ್ಡ, ನಮ್ಮ ಮನೆಯ ಅಡಿಗೆಕೋಣೆಯ ಬಾಗಿಲಲ್ಲಿ ಪ್ರತಿಸಲ ತಲೆ ಬಗ್ಗಿಸಿಯೇ ಬರುತ್ತಾನೆ. ಹನ್ನೊಂದು ತಿಂಗಳ ಹಿಂದೆ ನಿಶಾ ಈ ಸುದ್ದಿಯನ್ನು ಹೇಳಿದಾಗ ನಾನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಎರಡು ದಿನದಲ್ಲಿ ಮುಗಿಯುತ್ತಿತ್ತು. ನಾನು ಮಾತು ಬಿಟ್ಟೆ. ಮಗಳ ಹತ್ತಿರ ಅಲ್ಲ, ಅದು ನನ್ನಿಂದಾಗದು. ಹುಡುಗನ ಹತ್ತಿರ.

ಅವನು ಪ್ರತಿ ಶುಕ್ರವಾರ ಮನೆಗೆ ಬರುತ್ತಿದ್ದ. ನಾನು ಪ್ರತಿ ಶುಕ್ರವಾರ ವಾಕಿಂಗ್ ಹೋಗುತ್ತಿದ್ದೆ. ಜುಲೈ ತಿಂಗಳ ಮಟಮಟ ಮಧ್ಯಾಹ್ನ, ನಲವತ್ತೈದು ಡಿಗ್ರಿಯಲ್ಲಿ, ಅಲ್ ಖೋರ್‌ನ ಸಮುದ್ರ ದಂಡೆಯಲ್ಲಿ ನಡೆಯುತ್ತಿದ್ದ ಏಕೈಕ ಮನುಷ್ಯಪ್ರಾಣಿ ನಾನು. ಬೆಕ್ಕುಗಳು ಸಹ ನೆರಳಿನಲ್ಲಿ ಕೂತು ನನ್ನನ್ನು ಕನಿಕರದಿಂದ ನೋಡುತ್ತಿದ್ದವು. ಒಮ್ಮೆ ಗುನ್ನಾರ್ ನಮ್ಮ ವಾಷಿಂಗ್ ಮೆಷಿನ್ ರಿಪೇರಿ ಮಾಡಿದ. ಅವನು ಎದುರಿಗೇ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನಾನು ಹೆಂಡತಿಯ ಕಡೆ ತಿರುಗಿ, “ಅವರಿಗೆ ಥ್ಯಾಂಕ್ಸ್ ಹೇಳು” ಎಂದೆ.

“ಅವ್ರಿಗೆ ಕಿವಿ ಉಂಟು, ನಿಮ್ಗೆ ಬಾಯಿ ಉಂಟು. ನಡುವೆ ನಾನ್ಯಾಕೆ?” ಎಂದಳು ಸುಮತಿ.

ತಿಂಗಳುಗಳು ಕಳೆದಂತೆ ನನ್ನ ಸಿಟ್ಟು ಇಳಿಯಿತು. ಹುಡುಗ ಒಳ್ಳೆಯವನು ಎಂದು ನನಗೆ ಯಾವಾಗಲೋ ಗೊತ್ತಾಗಿತ್ತು. ಆದರೆ ಬಿಟ್ಟ ಮಾತನ್ನು ಮತ್ತೆ ಎಲ್ಲಿಂದ ಹಿಡಿಯುವುದು? ಮದುವೆಗೆ ಒಪ್ಪಿದೆ ಎಂದು ಸುಮತಿಗೆ ಹೇಳಿದೆ. ಅವಳು ನಿಶಾಳಿಗೆ ಹೇಳಿದಳು. ನಿಶಾ ಗುನ್ನಾರನಿಗೆ ಹೇಳಿದಳು. ಸರಕಾರಿ ಕಡತದ ಹಾಗೆ ಒಪ್ಪಿಗೆ ಸರಿಯಾದ ಮಾರ್ಗದಲ್ಲೇ ಹೋಯಿತು. ನಾನು ಮಾತ್ರ ವಾಕಿಂಗ್ ಮುಂದುವರಿಸಿದೆ.

ಅಷ್ಟರಲ್ಲಿ ಗುನ್ನಾರನ ತಾಯಿ ಸಿಗ್ರೂನ್ ದೋಹಾಕ್ಕೆ ಬರುವುದೆಂದಾಯಿತು. ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಊಟ. ನಿಶಾ ನನ್ನ ಪಕ್ಕದಲ್ಲಿ ಬಂದು ಕೂತಳು. ಕಣ್ಣು ಕೆಂಪಾಗಿತ್ತು.

“ಪಪ್ಪ, ಅವ್ನಮ್ಮನಿಗೆ ಎಲ್ಲ ಗೊತ್ತುಂಟು. ನೀವು ಗುನ್ನಾರ್ ಹತ್ರ ಮಾತಾಡುದಿಲ್ಲ ಅಂತ. ಅವ್ರಿಗೆ ತುಂಬಾ ಟೆನ್ಷನ್. ಹುಡುಗಿಯ ಅಪ್ಪನಿಗೇ ಮನಸ್ಸಿಲ್ಲದಿದ್ರೆ ಈ ಮದುವೆ ಬೇಕಾ, ಸ್ವಲ್ಪ ಯೋಚನೆ ಮಾಡು ಅಂತ ಅವ್ನಿಗೆ ಹೇಳಿದ್ದಾರೆ. ಒಂದು ಸೆಂಟೆನ್ಸ್ ಮಾತಾಡಿ ಪಪ್ಪ. ಯಾವುದಾದ್ರೂ ಭಾಷೆಯಲ್ಲಿ. ಒಂದೇ ಒಂದು.”

ನಾನು ಮಾಡಬೇಕಿದ್ದದ್ದು ಇಷ್ಟೇ: ಎದ್ದು ಹೋಗಿ ಹುಡುಗನ ಕೈ ಹಿಡಿದು, ತಪ್ಪಾಯಿತು ಮಾರಾಯ, ಎನ್ನುವುದು. ಎರಡು ಸೆಕೆಂಡಿನ ಕೆಲಸ. ಆದರೆ ಅದನ್ನು ಹೇಳುವುದಕ್ಕಿಂತ ಐಸ್‌ಲ್ಯಾಂಡಿಕ್ ಕಲಿಯುವುದೇ ಸುಲಭ ಎಂದು ನನಗೆ ಅನ್ನಿಸಿತು. ಗಂಡಸರಿಗೆ ಹೀಗೆಲ್ಲ ಅನ್ನಿಸುತ್ತದೆ.

“ಅವರ ಭಾಷೆಯಲ್ಲೇ ಹೇಳುತ್ತೇನೆ, ನೋಡ್ತಾ ಇರು!” ಎಂದು ಘೋಷಿಸಿದೆ. ನಿಶಾ ಅಳುವುದನ್ನು ನಿಲ್ಲಿಸಿದಳು. ಸಂತೋಷದಿಂದ ಎಂದು ನಾನು ಆಗ ತಿಳಿದಿದ್ದೆ. ಅದು ಗಾಬರಿಯಿಂದಂತೆ.

ಊಟಕ್ಕೆ ಮೂರು ವಾರವಿತ್ತು. ಆರಿಸಿಕೊಂಡ ವಾಕ್ಯ ಬಹಳ ಸರಳ: ‘ಮೀನು ಚೆನ್ನಾಗಿದೆ’. ನಾವು ಮೀನಿನ ಊರಿನವರು, ಅವರೂ ಮೀನಿನ ಊರಿನವರು. ಸಿಗ್ರೂನ್ ಅವರ ಗಂಡ ಬೋಟಿನಲ್ಲಿ ಹೋಗುತ್ತಿದ್ದವರಂತೆ, ಈಗಿಲ್ಲ. ಆಕೆಯೂ ಮೂವತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಇದಕ್ಕಿಂತ ಹೊಂದುವ ವಾಕ್ಯ ಎಲ್ಲಿ ಸಿಗಬೇಕು? ‘ಫಿಸ್ಕುರಿನ್ ಎರ್ ಗೋದುರ್.’ ಮೂರೇ ಶಬ್ದ. ಇಷ್ಟನ್ನು ಗಿಣಿಯ ಹಾಗೆ ಬಾಯಿಪಾಠ ಮಾಡಿ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಏಳು ವಿಭಕ್ತಿ ಕಲಿತವನು ಗಿಣಿಪಾಠ ಮಾಡುವುದೇ? ವಾಕ್ಯವನ್ನು ಬಿಚ್ಚಿ, ಒಳಗೆ ಯಾವ ನಟ್ಟು ಯಾವ ಬೋಲ್ಟಿಗೆ ಕೂತಿದೆ ಎಂದು ನೋಡದೆ ನಾನು ಬಿಡುವವನಲ್ಲ.

ಪಾಠಶಾಲೆ ಬಸ್ಸಿನಲ್ಲೇ ಆರಂಭವಾಯಿತು. ಕಿವಿಯಲ್ಲಿ ಇಯರ್‌ಫೋನ್, ಫೋನಿನ ಪರದೆಯಲ್ಲಿ ಪಾಠ ಹೇಳುವ ಒಬ್ಬ ಹೆಂಗಸು. ಪಕ್ಕದ ಸೀಟಿನಲ್ಲಿ ಇಬ್ರಾಹಿಂ, ಉಳ್ಳಾಲದ ಬ್ಯಾರಿ, ಸ್ಕ್ಯಾಫೋಲ್ಡಿಂಗ್ ಸೂಪರ್‌ವೈಸರ್. ಹದಿನಾಲ್ಕು ವರ್ಷಗಳಿಂದ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ರೆ ಮಾಡುತ್ತ ಬಂದವನು. ಅವನ ನಿದ್ರೆಗೆ ಆ ಮೂರು ವಾರ ಭಂಗ ಬಂತು.

“ಇಬ್ರಾಹಿಂ, ಅವರಲ್ಲಿ ಮೀನು ಗಂಡಸು ಗೊತ್ತುಂಟಾ? ಪುಲ್ಲಿಂಗ!”

“ಎಲ್ಲ ಮೀನೂ ಗಂಡಾದ್ರೆ ಮೊಟ್ಟೆ ಯಾರು ಇಡುದು ಸದಾಶಿವಣ್ಣ? ಮಲಗ್ಲಿಕ್ಕೆ ಬಿಡಿ.”

ಆದರೆ ನನಗೆ ಹುರುಪು ಬಂದಿತ್ತು. ಬರಿಯ ಮೀನು ‘ಫಿಸ್ಕುರ್’. ಅದನ್ನು ತಿನ್ನಲು ಹೊರಟರೆ ‘ಫಿಸ್ಕ್’. ಅಂದರೆ ಕರ್ತೃವಾಗಿ ಈಜಾಡುತ್ತಿದ್ದಾಗ ಇದ್ದ ‘ಉರ್’ ಎಂಬ ಬಾಲ, ಕರ್ಮವಾಗಿ ತಟ್ಟೆಗೆ ಬಂದಾಗ ಕತ್ತರಿಸಿ ಹೋಗುತ್ತದೆ. ಎಷ್ಟು ನ್ಯಾಯ! ನಮ್ಮ ಚತುರ್ಥಿಗೆ ಹತ್ತಿರದ್ದು ‘ಫಿಸ್ಕಿ’, ಷಷ್ಠಿಗೆ ‘ಫಿಸ್ಕ್ಸ್’. ಯಾವುದೋ ನಿರ್ದಿಷ್ಟ ಮೀನಾದರೆ, ‘ಆ ಮೀನು’ ಎಂದು ಮುಂದೆ ಹೇಳದೆ, ನಮ್ಮ ಪ್ರತ್ಯಯದ ಹಾಗೆ ಹಿಂದೆ ‘ಇನ್’ ಅಂಟಿಸುತ್ತಾರೆ: ‘ಫಿಸ್ಕುರಿನ್’. ಚೆನ್ನಾಗಿರುವುದು ಗಂಡಾದರೆ ‘ಗೋದುರ್’, ಹೆಣ್ಣಾದರೆ ‘ಗೋದ್’, ಎರಡೂ ಅಲ್ಲದಿದ್ದರೆ ‘ಗೊತ್’. ಕ್ರಿಯಾಪದವಂತೂ ಕರ್ತೃವನ್ನು ನೋಡಿಕೊಂಡೇ ವೇಷ ಬದಲಿಸುತ್ತದೆ. ನಾನಿದ್ದರೆ ‘ಎರ್’, ನೀನಿದ್ದರೆ ‘ಎರ್ತ್’, ಮೀನಿದ್ದರೆ ಮತ್ತೆ ‘ಎರ್’. ನನಗೂ ಮೀನಿಗೂ ಒಂದೇ ಕ್ರಿಯಾಪದ ಎಂದು ತಿಳಿದಾಗ ಸ್ವಲ್ಪ ಬೇಜಾರಾಯಿತು, ಆದರೆ ಒಪ್ಪಿಕೊಂಡೆ. ಇವನ್ನೆಲ್ಲ ಸ್ಟೋರಿನ ಲೇಬಲ್ಲುಗಳ ಮೇಲೆ ಬರೆದು, ಗ್ಯಾಸ್ಕೆಟ್ಟುಗಳ ರ‍್ಯಾಕಿಗೆ ಅಂಟಿಸಿದೆ. ಒಬ್ಬ ಫಿಲಿಪಿನೋ ಟೆಕ್ನೀಷಿಯನ್ ಬಂದು ನಾಲ್ಕಿಂಚಿನ ಫಿಸ್ಕುರ್ ಎರಡು ಕೊಡಿ ಎಂದು ಕೇಳಿದ ದಿನ ಮ್ಯಾನೇಜರು ಅವನ್ನೆಲ್ಲ ಕೀಳಿಸಿದರು.

ಎರಡನೇ ವಾರ ನನಗೆ ಜ್ಞಾನೋದಯವೇ ಆಯಿತು. ಚಳಿಯಾದರೆ ಅವರು ‘ನಾನು ಚಳಿ’ ಎನ್ನುವುದಿಲ್ಲ, ‘ನನಗೆ ಚಳಿ’ ಎನ್ನುತ್ತಾರೆ! ‘ಮ್ಯೇರ್ ಎರ್ ಕಲ್ತ್.’ ಮ್ಯೇರ್ ಎಂದರೆ ನನಗೆ. ಸಾಕ್ಷಾತ್ ಚತುರ್ಥೀ ವಿಭಕ್ತಿ!

“ಇಬ್ರಾಹಿಂ! ಇದು ನಮ್ಮದೇ ಭಾಷೆ ಮಾರಾಯ! ಮ್ಯೇರ್ ಎರ್ ಕಲ್ತ್! ನನಗೆ ಚಳಿ!”

ಇಬ್ರಾಹಿಂ ಕಣ್ಣು ಬಿಡದೆ ತನ್ನ ಟವೆಲನ್ನು ನನಗೆ ಹೊದಿಸಿ, ಮೇಲಿನ ಏಸಿಯ ಕಿಂಡಿ ತಿರುಗಿಸಿ, “ಖಲಾಸ್, ಇನ್ನು ಮಲಗಿ” ಎಂದ.

ಮನೆಯಲ್ಲೂ ಅಭ್ಯಾಸ ನಿಲ್ಲಲಿಲ್ಲ. ಗಡ್ಡ ಹೆರೆಯುವಾಗ, ಶೂ ಹಾಕಿಕೊಳ್ಳುವಾಗ, ಸ್ನಾನದ ಕೋಣೆಯಲ್ಲಿ, ಎಲ್ಲ ಕಡೆ ಫಿಸ್ಕುರಿನ್ ಎರ್ ಗೋದುರ್. ಒಂದು ದಿನ ಸುಮತಿ ಬಂಗುಡೆ ಕ್ಲೀನ್ ಮಾಡುತ್ತ ತನ್ನಷ್ಟಕ್ಕೆ ಅದನ್ನೇ ಗುನುಗುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಗೋದುರ್ ಎಂದರೆ ಒಳ್ಳೆಯದು ಎಂದು ಅರ್ಥ ಹೇಳಿದೆ, ಮೀನು ಪುಲ್ಲಿಂಗ ಎಂಬುದನ್ನೂ ವಿವರಿಸಿದೆ.

“ಗಂಡಾ? ಅದಕ್ಕೇ ಇಷ್ಟು ಮುಳ್ಳು” ಎಂದಳು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಊಟದ ಹಿಂದಿನ ದಿನ, ಗುರುವಾರ ಸಂಜೆಯ ಬಸ್ಸಿನಲ್ಲಿ, ನಿದ್ರೆ ಬಿಟ್ಟು ಎದ್ದ ಇಬ್ರಾಹಿಂ ಒಂದು ಪ್ರಶ್ನೆ ಕೇಳಿದ. ಅವನು ಮಲಗಿಯೇ ಇರಬೇಕಿತ್ತು.

“ಅಲ್ಲ ಸದಾಶಿವಣ್ಣ, ನಾಳೆ ಮೀನು ಮಾಡುದು ಯಾರು?”

“ಸುಮತಿ.”

“ಎಲ್ಲಿ?”

“ನಮ್ಮ ಮನೆಯಲ್ಲಿ.”

“ಮತ್ತೆ ನಿಮ್ಮ ಮನೆ ಮೀನು ಚಂದ ಉಂಟು ಅಂತ ನೀವೇ ಹೇಳುದಾ? ಬಂದ ನೆಂಟ್ರ ಹತ್ರ? ಛೆ ಛೆ! ಎಂಥ ಅಹಂಕಾರ ಮಾರಾಯ್ರೆ!”

ಬಸ್ಸಿನ ಏಸಿಯಲ್ಲೂ ನಾನು ಬೆವತೆ. ಹೌದಲ್ಲ! ನಮ್ಮ ಕಡೆ ಯಾರಾದರೂ ತಮ್ಮ ಮನೆಯ ಅಡಿಗೆಯನ್ನು ತಾವೇ ಹೊಗಳುತ್ತಾರೆಯೇ? ಹದಿನೆಂಟು ಬಗೆ ಮಾಡಿ ಬಡಿಸಿದರೂ, “ಏನೂ ಮಾಡ್ಲಿಲ್ಲ, ಇವತ್ತು ಮೀನು ಅಷ್ಟು ಒಳ್ಳೇದು ಸಿಗ್ಲಿಲ್ಲ, ಸುಧಾರಿಸಿಕೊಳ್ಳಿ” ಎನ್ನಬೇಕು. “ಇಲ್ಲಪ್ಪ, ತುಂಬಾ ಲಾಯ್ಕಾಗಿದೆ” ಎಂದು ನೆಂಟರು ಹೇಳಬೇಕು. ನನ್ನ ಅಮ್ಮ ಬದುಕಿಡೀ ಹೀಗೆ ತನ್ನ ಸಾರನ್ನು ಬೈದುಕೊಂಡೇ ಇಡೀ ಕೇರಿಗೆ ಉಣಿಸಿದ್ದರು. ಮೂರು ವಾರದ ವ್ಯಾಕರಣದ ಭರದಲ್ಲಿ ನಾನು ಮನೆಯ ಮರ್ಯಾದೆಯನ್ನೇ ಮರೆತಿದ್ದೆ. ಇಬ್ರಾಹಿಂನ ಎರಡೂ ಕೈ ಹಿಡಿದು ಉಪಕಾರ ಸ್ಮರಿಸಿದೆ.

ತಿದ್ದುಪಡಿ ಸುಲಭವಿತ್ತು. ಫೋನಿನ ಹೆಂಗಸು ನಿಷೇಧಾರ್ಥವನ್ನು ಎರಡನೇ ಪಾಠದಲ್ಲೇ ಹೇಳಿಕೊಟ್ಟಿದ್ದಳು. ನಡುವೆ ‘ಎಕ್ಕಿ’ ಸೇರಿಸಿದರೆ ಸಾಕು. ‘ಫಿಸ್ಕುರಿನ್ ಎರ್ ಎಕ್ಕಿ ಗೋದುರ್.’ ಮೀನು ಅಷ್ಟು ಚೆನ್ನಾಗಿಲ್ಲ. ನಾಮಪದ ಅಲ್ಲಾಡಲಿಲ್ಲ, ಕ್ರಿಯಾಪದ ಅಲ್ಲಾಡಲಿಲ್ಲ, ವಿನಯ ಮಾತ್ರ ಬಂದು ನಡುವೆ ಕೂತಿತು. ನನ್ನ ಬಗ್ಗೆ ನನಗೇ ಗೌರವ ಮೂಡಿತು.

ಶುಕ್ರವಾರ ಬೆಳಿಗ್ಗೆ ಗಡ್ಡ ಹೆರೆಯುತ್ತ ಹೊಸ ವಾಕ್ಯವನ್ನು ಹತ್ತು ಸಲ ಹೇಳಿದೆ. ಬಾಗಿಲಾಚೆಯಿಂದ ಸುಮತಿ ಕೇಳಿದಳು, “ಈ ಎಕ್ಕಿ ಎಂತದು? ನಿನ್ನೆವರೆಗೆ ಇರ್ಲಿಲ್ಲ.”

“ಇಲ್ಲ, ಅಲ್ಲ ಅಂತ ಅರ್ಥ” ಎಂದೆ. ಬಾಯಲ್ಲಿ ಸೋಪಿನ ನೊರೆ ಇದ್ದುದರಿಂದ ಹೆಚ್ಚು ವಿವರಿಸಲಿಲ್ಲ.

ಸುಮತಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದಿದ್ದಳು. ಮೀನು ಮಾರ್ಕೆಟ್ಟಿಗೆ ತಾನೇ ಹೋಗಿ, ಕಿವಿರು ಎತ್ತಿ ನೋಡಿ ಅಂಜಲ್ ಆರಿಸಿ ತಂದಿದ್ದಳು. ಅಂಜಲ್ ತವಾ ಫ್ರೈ, ಬಂಗುಡೆ ಪುಳಿಮುಂಚಿ, ನೀರುದೋಸೆ, ಸಿಗಡಿ ಸುಕ್ಕ. ಸೊಂಟ ಹಿಡಿದುಕೊಂಡೇ ಎಲ್ಲ ಮುಗಿಸಿದಳು. ಇಪ್ಪತ್ತಾರು ವರ್ಷಗಳಲ್ಲಿ ಇದು ನಮ್ಮ ಮನೆಯ ಅತ್ಯುತ್ತಮ ಊಟ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಪ್ರಮಾಣ ಮಾಡಬೇಕಾದ ಪರಿಸ್ಥಿತಿ ಆಮೇಲೆ ಬಂತು ಕೂಡ.

ಒಂದು ಗಂಟೆಗೆ ಬಂದರು. ಸಿಗ್ರೂನ್ ಎತ್ತರದ, ಬಿಳಿ ಕೂದಲಿನ, ಕಡಿಮೆ ಮಾತಿನ ಹೆಂಗಸು. ಇಂಗ್ಲಿಷು ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು. ಅವರಲ್ಲಿ ಎಲ್ಲರನ್ನೂ ಬರೀ ಹೆಸರಿನಿಂದಲೇ ಕರೆಯುವುದಂತೆ. ಬೀಗಿತ್ತಿಯನ್ನು ಬರೀ ಹೆಸರಿನಿಂದ ಕರೆಯಲು ಸುಮತಿಯ ನಾಲಗೆ ಏಳಲಿಲ್ಲ. “ಬನ್ನಿ ಸಿಗ್ರೂನಕ್ಕ, ಕೂತ್ಕೊಳ್ಳಿ” ಎಂದಳು. ಸಿಗ್ರೂನಕ್ಕ ಕೂತರು. ಒಂದು ಒಣಮೀನಿನ ಪೊಟ್ಟಣ ಕೊಟ್ಟರು. ಮೂಸಿ ನೋಡಿದ ಸುಮತಿಯ ಮುಖ ಅರಳಿತು. ಹಾಗೆ ಇಬ್ಬರು ಹೆಂಗಸರ ನಡುವೆ ಎಲ್ಲ ಅರ್ಧ ನಿಮಿಷದಲ್ಲಿ ಸರಿಹೋಯಿತು, ಯಾವ ವಿಭಕ್ತಿಯ ಸಹಾಯವೂ ಇಲ್ಲದೆ. ಆದರೂ ಆಕೆಯ ಕಣ್ಣು ಮತ್ತೆ ಮತ್ತೆ ನನ್ನ ಕಡೆ ಬರುತ್ತಿತ್ತು. ನಾನು ಇನ್ನೂ ಗುನ್ನಾರನ ಕಡೆ ನೋಡಿರಲಿಲ್ಲ. ನಿಶಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ತಟ್ಟೆಗಳಿಗೆ ಅಂಜಲ್ ಬಂತು. ಸಿಗ್ರೂನ್ ಒಂದು ತುಂಡು ಮುರಿದು ಫೋರ್ಕಿನಲ್ಲಿ ಎತ್ತಿದರು. ಇದೇ ಸಮಯ! ನಾನು ಎದ್ದು ನಿಂತೆ, ಅಂಗಿ ಸರಿಮಾಡಿಕೊಂಡೆ, ಎದೆಯ ಮೇಲೆ ಕೈಯಿಟ್ಟು, ಸ್ಪಷ್ಟವಾಗಿ, ಗಂಭೀರವಾಗಿ ನುಡಿದೆ:

“ಫಿಸ್ಕುರಿನ್ ಎರ್ ಎಕ್ಕಿ ಗೋದುರ್!”

ವ್ಯಾಕರಣ ನೂರಕ್ಕೆ ನೂರು. ಲಿಂಗ, ವಚನ, ವಿಭಕ್ತಿ, ಎಲ್ಲ ಸರಿ. ಉಚ್ಚಾರಣೆ ಅಷ್ಟು ಖಚಿತವಾಗಿತ್ತೆಂದರೆ, ತಪ್ಪು ಕೇಳಿಸಿತೇನೋ ಎಂದು ಸಂಶಯಪಡಲು ಯಾರಿಗೂ ಆಸ್ಪದವೇ ಇರಲಿಲ್ಲ.

ಸಿಗ್ರೂನ್ ಫೋರ್ಕನ್ನು ಕೆಳಗಿಟ್ಟರು.

ನಾನು “ಇಲ್ಲಪ್ಪ, ತುಂಬಾ ಚೆನ್ನಾಗಿದೆ” ಎಂಬ ಉತ್ತರಕ್ಕಾಗಿ ನಗುಮುಖ ಹೊತ್ತು ಕಾದೆ. ಅದು ಬರಲಿಲ್ಲ. ಆಕೆ ಮೀನಿನ ತುಂಡನ್ನು ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಮೂಸಿದರು. ಬೆರಳಿನಿಂದ ಒತ್ತಿದರು. ಮೀನಿನ ಕಾರ್ಖಾನೆಯಲ್ಲಿ ಆಕೆ ಮೂವತ್ತು ವರ್ಷ ಮಾಡಿದ ಕೆಲಸ ಯಾವುದು ಎಂದು ನಾನು ಕೇಳಿರಲಿಲ್ಲ. ಕೆಟ್ಟ ಮೀನನ್ನು ಆರಿಸಿ ಎಸೆಯುವ ಕೆಲಸವಂತೆ! ಅವರ ಊರಿನಲ್ಲಿ ಮೀನು ಚೆನ್ನಾಗಿಲ್ಲ ಎಂದು ಯಾರಾದರೂ ಎದ್ದು ನಿಂತು ಹೇಳಿದರೆ ಅದಕ್ಕೆ ಒಂದೇ ಅರ್ಥ, ಯಾರೂ ತಿನ್ನಬೇಡಿ ಎಂದು. ಆಕೆ ಮಗನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನಿಶಾಳದನ್ನೂ ಸರಿಸಿದರು. ಆಮೇಲೆ ಎದ್ದು ನೇರವಾಗಿ ಅಡಿಗೆಕೋಣೆಗೆ ನಡೆದರು.

“ಪಪ್ಪ! ಎಂಥ ಹೇಳಿದ್ರಿ ನೀವು!” ನಿಶಾ ಪಿಸುಗುಟ್ಟಿದಳು, ಅಥವಾ ಕಿರುಚಿದಳು. ಎರಡೂ ಒಟ್ಟಿಗೇ ಇತ್ತು.

“ವಿನಯ!” ಎಂದೆ.

ನಾನು ಆಗ ಸುಮತಿಯ ಕಡೆ ನೋಡಬಾರದಿತ್ತು. ಅವಳು ನೀರುದೋಸೆಯ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಐಸ್‌ಲ್ಯಾಂಡಿಕ್ ಬರುವುದಿಲ್ಲ. ಆದರೆ ಈ ನಾಲ್ಕು ಶಬ್ದ ಮಾತ್ರ, ಒಂದೊಂದರ ಅರ್ಥದ ಸಮೇತ, ನಾನೇ ಕಲಿಸಿಕೊಟ್ಟಿದ್ದೆ, ಎಕ್ಕಿಯನ್ನಂತೂ ಅವತ್ತೇ ಬೆಳಿಗ್ಗೆ.

“ಎಕ್ಕಿ ಗೋದುರಾ?” ಎಂದಳು. ಸ್ವರ ಬಹಳ ಮೆತ್ತಗಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮೆತ್ತಗಿನ ಸ್ವರವನ್ನು ನಾನು ಎರಡು ಸಲ ಮಾತ್ರ ಕೇಳಿದ್ದೇನೆ. “ನಾಲ್ಕು ಗಂಟೆಗೆ ಎದ್ದು ಮಾಡಿದ ಮೀನು, ಎಕ್ಕಿ ಗೋದುರಾ?”

ಒಳಗೆ ಸಿಗ್ರೂನ್ ಫ್ರಿಜ್ಜಿನ ಬಾಗಿಲು ತೆರೆದದ್ದು ಕೇಳಿಸಿತು. ಡಬ್ಬಗಳು ಸರಿದವು. ಮುಚ್ಚಳಗಳು ತೆರೆದವು. ಉಳಿದ ಹಸಿ ಅಂಜಲನ್ನು ಬೆಳಕಿಗೆ ಹಿಡಿದು, ತಲೆಯ ಕಿವಿರು ಎತ್ತಿ, ಕಣ್ಣು ಪರೀಕ್ಷಿಸಿದರಂತೆ. ಸುಮತಿ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಮಾಡಿದ್ದನ್ನೇ ಆಕೆ ಮತ್ತೊಮ್ಮೆ ಮಾಡಿದರು. ನಾವು ನಾಲ್ಕು ಜನ ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿಗಳ ಹಾಗೆ ನಿಂತಿದ್ದೆವು. ಮಗಳ ಮದುವೆ ಫ್ರಿಜ್ಜಿನೊಳಗೆ ಹೋಗಿ ಕೂತಂತೆ ಅನ್ನಿಸಿತು.

ಕೊನೆಗೆ ಆಕೆ ಹೊರಗೆ ಬಂದರು. ಸುಮತಿಯ ಹೆಗಲ ಮೇಲೆ ಕೈಯಿಟ್ಟರು. ನನ್ನ ಕಡೆ ತಿರುಗಿ, ಕೆಲಸಕ್ಕೆ ಬಾರದ ಕೂಲಿಯವನಿಗೆ ಹೇಳುವ ದನಿಯಲ್ಲಿ ತೀರ್ಪು ಕೊಟ್ಟರು:

“ಫಿಸ್ಕುರಿನ್ ಎರ್ ಗೋದುರ್.”

ನಾನು ಮೂರು ವಾರ ಅಭ್ಯಾಸ ಮಾಡಿದ ವಾಕ್ಯ. ಅದನ್ನು ನನಗೆ ಬೇರೆಯವರು ಹೇಳಬೇಕಾಯಿತು!

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಆದ ತಪ್ಪನ್ನು ಸರಿಪಡಿಸದೆ ಬಿಡುವುದು ನನ್ನ ಜಾಯಮಾನವಲ್ಲ. ಉಪಚಾರದಿಂದಲೇ ಎಲ್ಲ ಸರಿಮಾಡುತ್ತೇನೆಂದು ಅಂಜಲ್‌ನ ತಟ್ಟೆ ಹಿಡಿದು ಸಿಗ್ರೂನ್ ಹತ್ತಿರ ಹೋದೆ. ಆಕೆ ಒಂದು ತುಂಡು ತಿಂದು ಮುಗಿಸಿ, “ನೇಯ್ ತಕ್” ಎಂದರು. ಬೇಡ, ಧನ್ಯವಾದ. ನಮ್ಮಲ್ಲಿ ಮೊದಲನೇ ‘ಬೇಡ’ ಕೇವಲ ಶಾಸ್ತ್ರಕ್ಕೆ. ಒಂದು ಹಾಕಿದೆ. ಕೈ ಅಡ್ಡ ಹಿಡಿದರು. ಎರಡನೇ ‘ಬೇಡ’ ಸಂಕೋಚಕ್ಕೆ. ಕೈಯ ಕೆಳಗಿನಿಂದ ಇನ್ನೊಂದು ಜಾರಿಸಿದೆ. ಮೂರನೆಯ ‘ನೇಯ್’ ಸ್ವಲ್ಪ ಗಟ್ಟಿಯಾಗಿತ್ತು. ಅಷ್ಟರಲ್ಲಿ ತಟ್ಟೆಯಲ್ಲಿ ಮೂರು ತುಂಡು ಸೇರಿದ್ದವು. ಆಕೆಯ ದೃಷ್ಟಿಯಿಂದ ಯೋಚಿಸಿ. ಮನೆಯ ಯಜಮಾನ ಎದ್ದು ನಿಂತು ಮೀನು ಕೆಟ್ಟಿದೆ ಎಂದು ಸಾರಿದ. ಆಮೇಲೆ ಅದೇ ಮೀನನ್ನು, ಬೇಡ ಎಂದವರ ತಟ್ಟೆಗೆ, ನಗುತ್ತ ನಗುತ್ತ ತುಂಬುತ್ತಿದ್ದಾನೆ!

ಆಗ ಗುನ್ನಾರ್ ಬಾಯಿಬಿಟ್ಟ. ತಾಯಿಯ ಹತ್ತಿರ ಅವರ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಸಿಗ್ರೂನ್ ಹುಬ್ಬು ಗಂಟಿಕ್ಕಿದರು, ನನ್ನನ್ನು ನೋಡಿದರು, ಮತ್ತೆ ಮಗನನ್ನು ನೋಡಿದರು. ಆಮೇಲೆ ನಗತೊಡಗಿದರು. ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು.

ಅವನು ಹೇಳಿದ್ದನ್ನು ನಿಶಾ ನನಗೆ ತಿಳಿಸಿದಳು. “ಈ ಮನೆಯಲ್ಲಿ ಊಟ ಚೆನ್ನಾಗಿಲ್ಲ ಅಂದ್ರೆ, ಪ್ರೀತಿಯಿಂದ ಮಾಡಿದ್ದೇವೆ ತಿನ್ನಿ ಅಂತ ಅರ್ಥ. ಆಂಟಿ ಪ್ರತಿ ಶುಕ್ರವಾರ ನನಗೆ ಹೀಗೇ ಹೇಳ್ತಾರೆ. ಅಂಕಲ್ ಇದನ್ನು ನಮ್ಮ ಭಾಷೆಯಲ್ಲಿ ಹೇಳ್ಲಿಕ್ಕೆ ಎಷ್ಟು ದಿನ ಕಲಿತಿದ್ದಾರೋ ಏನೋ, ಅಂತ ಹೇಳಿದ ಪಪ್ಪ.”

ನಾನು ಬಿಸಿಲಿನಲ್ಲಿ ಸುತ್ತುತ್ತಿದ್ದ ಆ ಎಲ್ಲ ಶುಕ್ರವಾರಗಳಲ್ಲಿ ಈ ಹುಡುಗ ಇಲ್ಲಿ ಕೂತು, ನಮ್ಮನ್ನು ಗಮನಿಸಿ, ನಮ್ಮ ಮಾತಿನ ಒಳಗಿನ ಮಾತನ್ನು ಕಲಿತಿದ್ದ. ನಾನು ಅವನ ಭಾಷೆಯ ಒಂದು ವಾಕ್ಯವನ್ನು ಬಿಚ್ಚಿ ಜೋಡಿಸಿದ್ದೇ ದೊಡ್ಡದು ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು.

“ಇನ್ನು ಮೇಲೆ ನೆನಪಿಟ್ಕೊಳ್ಳಿ ಪಪ್ಪ,” ನಿಶಾ ಭಾವೀ ಅತ್ತೆಯ ತಟ್ಟೆಯಿಂದ ಎರಡು ತುಂಡು ವಾಪಸ್ ತೆಗೆಯುತ್ತ ಹೇಳಿದಳು, “ಅವ್ರು ಬೇಡ ಅಂದ್ರೆ ಬೇಡ. ಒಂದು ಸಲ ಹೇಳಿದ್ರೆ ಸಾಕು. ಫೋರ್ಸ್ ಮಾಡ್ಬಾರ್ದು.”

ಬೇಡ ಎಂದರೆ ಬೇಡ. ಈ ಪಾಠವನ್ನು ನಾನು ತಕ್ಷಣ ಮನದಟ್ಟು ಮಾಡಿಕೊಂಡೆ. ತಡವಾಗಿ ಕಲಿತರೂ ಗಟ್ಟಿಯಾಗಿ ಕಲಿಯುವವನು ನಾನು.

ಮತ್ತೆ ತಟ್ಟೆ ಎತ್ತಿಕೊಂಡು ಮೇಜನ್ನು ಸುತ್ತಿ ಗುನ್ನಾರನ ಹತ್ತಿರ ಹೋದೆ. ಹನ್ನೊಂದು ತಿಂಗಳಲ್ಲಿ ನಾನು ಅವನ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಅವನ ತಟ್ಟೆ ಖಾಲಿಯಿತ್ತು. ಸಿಗ್ರೂನ್ ನೋಡುತ್ತಿದ್ದರು. ಐಸ್‌ಲ್ಯಾಂಡಿಕ್ ಪೂರ್ತಿ ಮರೆತುಹೋಗಿತ್ತು. ನನ್ನ ಬಾಯಿಗೆ ಬಂದದ್ದು ಇಷ್ಟೇ:

“ಮೀನು... ಇನ್ನೊಂದು ಹಾಕ್ಲಾ ಗುನ್ನಾರ್?”

ಹುಡುಗನ ಮುಖ ಕಿವಿಯವರೆಗೆ ಕೆಂಪಾಯಿತು. ತಲೆಯೆತ್ತಿ, ಕಲಿತ ಕನ್ನಡದಲ್ಲಿ, ನಿಧಾನವಾಗಿ ಹೇಳಿದ: “ಬೇಡ, ಮಾವ.”

ಬೇಡ ಎಂದರೆ ಬೇಡ! ಅವರ ಪದ್ಧತಿಗೆ ಸಂಪೂರ್ಣ ಗೌರವ ಸಲ್ಲಿಸಿ, “ಸರಿ” ಎಂದು ತಲೆಬಾಗಿ, ಮೀನಿನ ತಟ್ಟೆಯನ್ನು ವಾಪಸ್ ತಂದು ನನ್ನ ಮುಂದೆ ಇಟ್ಟುಕೊಂಡೆ. ಎಷ್ಟು ಸರಿಯಾಗಿ ನಡೆದುಕೊಂಡೆನಲ್ಲ ಎಂದು ಸಂತೋಷವಾಯಿತು. ಒಂದು ತುಂಡು ನಾನೇ ಬಾಯಿಗೆ ಹಾಕಿಕೊಂಡೆ. ಗುನ್ನಾರ್ ಮಾತ್ರ ಆ ತಟ್ಟೆ ಹೋದ ದಾರಿಯನ್ನೇ ನೋಡುತ್ತ ಕೂತಿದ್ದ.

“ಪಪ್ಪ!!” ನಿಶಾ ತಲೆ ಮೇಲೆ ಕೈಯಿಟ್ಟುಕೊಂಡಳು. “ಅವ್ನಿಗೆ ಬೇಕಿತ್ತು! ನಮ್ಮ ಮನೆಯಲ್ಲಿ ಮೂರು ಸಲ ಬೇಡ ಹೇಳ್ಬೇಕು, ಆಮೇಲೆ ಹಾಕಿಸ್ಕೊಳ್ಬೇಕು ಅಂತ ನಾನೇ ಅವ್ನಿಗೆ ಕಲಿಸಿದ್ದು!”

“ಹನ್ನೊಂದು ತಿಂಗಳಾದ ಮೇಲೆ ಒಂದು ಮಾತಾಡಿದ್ರು ಮಹಾನುಭಾವ್ರು,” ಸುಮತಿ ಅಡಿಗೆಕೋಣೆಯಿಂದ ಹೇಳಿದಳು, “ಅದೂ ಹುಡುಗನ ಬಾಯಿಯ ಮೀನು ಕಿತ್ಕೊಂಡು ಬರ್ಲಿಕ್ಕೆ.”

ನಾನು ಬಾಯಲ್ಲಿದ್ದದ್ದನ್ನು ನುಂಗಿ ಎದ್ದೆ. ಮತ್ತೆ ಹೋದೆ. ಈ ಸಲ ಏನನ್ನೂ ಕೇಳಲಿಲ್ಲ. ಒಂದು ತುಂಡು ಹಾಕಿದೆ, “ಬೇಡ ಮಾವ” ಎಂದ. ಎರಡನೆಯದು ಹಾಕಿದೆ, ಕೈ ಅಡ್ಡ ಹಿಡಿದ. ಕೈ ಸರಿಸಿ ಮೂರನೆಯದನ್ನೂ ಹಾಕಿದೆ. ಅವನ ಭುಜದ ಮೇಲೆ ಕೈಯಿಟ್ಟು, “ತಪ್ಪಾಯ್ತು ಮಾರಾಯ” ಎಂದೆ. ತುಂಡು ಕೊಡದೆ ಹೋದದ್ದಕ್ಕೆ ಎಂದು ಅವನು ತಿಳಿದನೋ, ಬೇರೆ ಯಾವುದಕ್ಕೆ ಎಂದು ತಿಳಿದನೋ, ಕೇಳುವ ಧೈರ್ಯ ಬರಲಿಲ್ಲ. ಸಿಗ್ರೂನ್ ನಿಶಾಳ ಕೈ ಹಿಡಿದು ಮದುವೆಗೆ ತಾನು ಯಾವ ಸೀರೆ ಉಡಬೇಕೆಂದು ಕೇಳಿದರು.

ಸೋಮವಾರ ಸಿಗ್ರೂನ್ ತಮ್ಮ ಊರಿಗೆ ಹಾರಿದರು. ನಾನು ಈಗ ಶುಕ್ರವಾರ ವಾಕಿಂಗ್ ಹೋಗುವುದಿಲ್ಲ. ಬಸ್ಸಿನಲ್ಲಿ ಪಾಠವೂ ಇಲ್ಲ, ಇಬ್ರಾಹಿಂ ಮತ್ತೆ ನನ್ನ ಹೆಗಲ ಮೇಲೆ ಗೊರಕೆ ಹೊಡೆಯುತ್ತಾನೆ. ನನ್ನ ಐಸ್‌ಲ್ಯಾಂಡಿಕ್ ಎಲ್ಲ ಒಂದು ವಾರದಲ್ಲಿ ಮರೆತುಹೋಯಿತು, ಏಳು ವಿಭಕ್ತಿಯವನ ಯೋಗ್ಯತೆ ಅಷ್ಟೇ.

ಆದರೆ ನಮ್ಮ ಮನೆಯಲ್ಲಿ ಆ ಭಾಷೆ ಸತ್ತಿಲ್ಲ. ದಿನಾ ಸಂಜೆ ಬಸ್ಸಿಳಿದು, ಸುಸ್ತಾಗಿ ಬಂದು ಊಟಕ್ಕೆ ಕೂತಾಗ, ಸುಮತಿ ನನ್ನ ತಟ್ಟೆಗೆ ಒಂದೇ ಒಂದು ಬಂಗುಡೆ ಇಟ್ಟು, ಎದೆಯ ಮೇಲೆ ಕೈಯಿಟ್ಟು, ನನಗಿಂತ ಎಷ್ಟೋ ಶುದ್ಧವಾದ ಉಚ್ಚಾರಣೆಯಲ್ಲಿ ಹೇಳುತ್ತಾಳೆ:

“ಫಿಸ್ಕುರಿನ್ ಎರ್ ಎಕ್ಕಿ ಗೋದುರ್. ಬೇಕಾದ್ರೆ ತಿನ್ನಿ.”

ಇನ್ನೊಂದು ಬೇಕಾ ಎಂದು ಕೇಳುವುದಿಲ್ಲ.